ಎಂಟು ತಿಂಗಳ ಮಗುವಿನೊಂದಿಗೆ ಸಾಗರದಿಂದ ಐಂಡ್‌ಹೋವನ್‌ಗೆ

ನವೆಂಬರಿನಲ್ಲಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಸಾಗರದಿಂದ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ಗೆ, ನಿಮ್ಮ ಯಜಮಾನರು ಇರುವಲ್ಲಿಗೆ, ಒಬ್ಬರೇ ಹೊರಟಿರುವುದಾಗಿ ಬರೆದಿದ್ದೀರಿ. ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಅಕ್ಕನನ್ನು ಕೇಳುವಂತೆ ಕೇಳಿದ್ದೀರಿ. ನಾನು ತೀರ್ಥಹಳ್ಳಿಯ ಕಡೆಯವಳು. 2014ರಲ್ಲಿ ಏಳು ತಿಂಗಳ ಮಗನೊಂದಿಗೆ ಇದೇ ದಾರಿಯಲ್ಲಿ ಬಂದು ಇಲ್ಲಿಯೇ ನೆಲೆಸಿದವಳು. ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಮಾತಾಡುವುದು ದೊಡ್ಡ ಸೂಟ್‌ಕೇಸುಗಳ ಬಗ್ಗೆ. ಆದರೆ ನಿಮ್ಮನ್ನು ಕಾಪಾಡುವುದು ಒಂದು ಕಾಗದದ ಫೈಲು ಮತ್ತು ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲ. ಆದ್ದರಿಂದ ಅವೆರಡರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮಗುವಿಗೆ ಅದರದೇ ಪಾಸ್‌ಪೋರ್ಟ್ ಮತ್ತು ವೀಸಾ ಬೇಕೆಂಬುದು ನಿಮಗೆ ಗೊತ್ತಿದೆ. ಅದಕ್ಕಿಂತ ಮುಖ್ಯವಾದದ್ದು ಜನನ ಪ್ರಮಾಣಪತ್ರ. ಅದರಲ್ಲಿ ಮಗುವಿನ ಹೆಸರು ಸೇರಿರಬೇಕು. ನಿಮ್ಮಿಬ್ಬರ ಹೆಸರುಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ, ಇನಿಷಿಯಲ್ ಬಿಡಿಸಿದ್ದರೆ ಬಿಡಿಸಿದಂತೆಯೇ, ಅಕ್ಷರ ತಪ್ಪದೆ ಇರಬೇಕು. ಆ ಮೂಲಪ್ರತಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣವನ್ನೂ ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆಯನ್ನೂ (ದಾಖಲೆ ಅಸಲಿಯೆಂದು ಹೊರದೇಶಕ್ಕೆ ಖಾತ್ರಿಪಡಿಸುವ ಮುದ್ರೆ) ಮಾಡಿಸಿಕೊಳ್ಳಿ. ನಾವು ಅದನ್ನು ಮಾಡಿಸದೆ ಬಂದಿದ್ದೆವು. ಇಲ್ಲಿನ ನಗರಸಭೆಯಲ್ಲಿ ಮಗನ ನೋಂದಣಿ ಪೂರ್ತಿಯಾಗದೆ ನಿಂತಿತು. ಕಾಗದವನ್ನು ಅಂಚೆಯಲ್ಲಿ ಊರಿಗೆ ಕಳಿಸಿ, ಮೈದುನ ಅಡಿಕೆ ಕೊಯ್ಲಿನ ನಡುವೆ ಕೆಲಸ ಬಿಟ್ಟು ಬೆಂಗಳೂರಿಗೆ ಎರಡು ಸಲ ಓಡಾಡಿದ ಮೇಲೆ ಅದು ಸರಿಯಾಯಿತು. ನಿಮ್ಮ ವಿವಾಹ ಪ್ರಮಾಣಪತ್ರಕ್ಕೂ ಇದನ್ನೇ ಮಾಡಿಸಿ. ನೀವು ಒಬ್ಬರೇ ಮಗುವನ್ನು ಕರೆತರುತ್ತಿರುವುದರಿಂದ ಯಜಮಾನರು ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ ಅವರ ಪಾಸ್‌ಪೋರ್ಟಿನ ನಕಲನ್ನೂ ಜೊತೆಗಿಡಿ, ಏಕೆಂದರೆ ಇಲ್ಲಿನ ಗಡಿ ಪೊಲೀಸರು ಅದನ್ನು ಕೇಳುವುದುಂಟು. ಈ ಫೈಲು ಯಾವ ಕಾರಣಕ್ಕೂ ಸೂಟ್‌ಕೇಸಿನೊಳಗೆ ಹೋಗಬಾರದು.

ಲಸಿಕೆಯ ದಾಖಲೆಯೂ ಅದೇ ಫೈಲಿನಲ್ಲಿರಲಿ. ತಾಯಿ ಕಾರ್ಡಿನಲ್ಲಿರುವುದನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ದಿನಾಂಕದ ಸಮೇತ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ನಮ್ಮಲ್ಲಿ ದಡಾರದ ಮೊದಲ ಲಸಿಕೆಯನ್ನು 9 ತಿಂಗಳು ತುಂಬಿದಾಗ ಕೊಡುತ್ತಾರೆ, ಇಲ್ಲಿ ಕೊಡುವುದು 14 ತಿಂಗಳಿಗೆ. ನಿಮ್ಮ ಮಗು ಅಲ್ಲಿಯ ಲಸಿಕೆಯ ವಯಸ್ಸು ತುಂಬುವ ಮೊದಲೇ ಹೊರಡುತ್ತದೆ. ಹೊರಡುವ ಮೊದಲೇ ಮಕ್ಕಳ ವೈದ್ಯರಲ್ಲಿ ಇದನ್ನು ಕೇಳಿ, ಇಲ್ಲಿಗೆ ಬಂದ ಮೇಲೆ ಶಿಶು ಆರೋಗ್ಯ ಕೇಂದ್ರದ ದಾದಿಗೂ ಹೇಳಿ.

ಇನ್ನು ಹೆಗಲ ಚೀಲ. ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ಒಂದೂವರೆ ದಿನವೆಂದು ಲೆಕ್ಕ ಹಾಕಿ ಡಯಾಪರ್ ತುಂಬಿಕೊಳ್ಳಿ. ಮಗುವಿಗೆ ಮೂರು ಜೊತೆ ಬಟ್ಟೆಯನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಹೊಲಸಾದ ಬಟ್ಟೆಯನ್ನು ಅದೇ ಕವರಿಗೆ ಹಾಕಬಹುದು. ನಿಮಗೂ ಒಂದು ಕುರ್ತಾ ಬೇಕು, ಏಕೆಂದರೆ ಮಗು ಕಕ್ಕಿಕೊಳ್ಳುವುದು ತಾಯಿಯ ಮೇಲೆಯೇ. ಆಹಾರದ ವಿಷಯದಲ್ಲಿ ಒಂದು ಮಾತು: ರಾಗಿ ಮಣ್ಣಿಯನ್ನು ವಿಮಾನದಲ್ಲಿ ಕಾಯಿಸಲಾಗುವುದಿಲ್ಲ, ಬರಿಯ ಬಿಸಿನೀರಿನಲ್ಲಿ ಕಲಸಿದರೆ ಹಸಿ ಹಿಟ್ಟಾಗಿಯೇ ಉಳಿಯುತ್ತದೆ. ನನ್ನತ್ತೆ ತೆಳು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು, ನುಣ್ಣಗೆ ಪುಡಿ ಮಾಡಿ, ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಕಟ್ಟಿಕೊಟ್ಟಿದ್ದರು. ಗಗನಸಖಿ ತಂದುಕೊಟ್ಟ ಬಿಸಿನೀರು ಹಾಕಿ ಎರಡು ನಿಮಿಷ ಮುಚ್ಚಿಟ್ಟರೆ ಅದು ಮೆತ್ತಗೆ ಅರಳುತ್ತಿತ್ತು. ಮನೆಯಲ್ಲೇ ಒಂದೆರಡು ಸಲ ತಿನ್ನಿಸಿ ಮಗುವಿಗೆ ಒಗ್ಗುತ್ತದೆಯೇ ನೋಡಿಕೊಳ್ಳಿ. ದ್ರವಕ್ಕೆ 100 ಮಿಲಿಲೀಟರಿನ ಮಿತಿಯಿದ್ದರೂ ಮಗುವಿನ ಹಾಲು, ನೀರು, ಆಹಾರವನ್ನು ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಲು ಬಿಡುತ್ತಾರೆ. ತಪಾಸಣೆಯಲ್ಲಿ ಅವನ್ನು ಹೊರಗೆ ತೆಗೆದು ತೋರಿಸಿ.

ಟಿಕೆಟ್ ಮಾಡಿಸಿದ ಕೂಡಲೇ ವಿಮಾನ ಸಂಸ್ಥೆಗೆ ಫೋನ್ ಮಾಡಿ ಮುಂದಿನ ಸಾಲಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲನ್ನು ಕೇಳಿ, ಅದಕ್ಕಿರುವ ತೂಕದ ಮಿತಿಯನ್ನೂ ವಿಚಾರಿಸಿ. ವಿಮಾನ ಏರುವಾಗಲೂ ಇಳಿಯುವಾಗಲೂ ಹಾಲು ಕುಡಿಸಿ. ನುಂಗುವಾಗ ಕಿವಿಯೊಳಗಿನ ಒತ್ತಡ ಸಮನಾಗುತ್ತದೆ. ಇಳಿಯಲು ತೊಡಗುವುದು ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಆದ್ದರಿಂದ ಆಗ ಮಗು ಹಸಿದಿರುವಂತೆ ನೋಡಿಕೊಳ್ಳಿ.

ಸೂಟ್‌ಕೇಸಿನ ಬಗ್ಗೆ ಹೇಳಬೇಕಾದದ್ದು ಕಡಿಮೆ, ಆದರೆ ಮನಸ್ಸಿಗೆ ಕಷ್ಟದ್ದು. ಐರೋಪ್ಯ ಒಕ್ಕೂಟದೊಳಗೆ ಭಾರತದಿಂದ ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಮಗುವಿನ ಹಾಲಿನ ಪುಡಿ ಮತ್ತು ಶಿಶು ಆಹಾರಕ್ಕೆ ಮಾತ್ರ, ಒಡೆಯದ ಪ್ಯಾಕೆಟ್ಟಿನಲ್ಲಿ, 2 ಕಿಲೋವರೆಗೆ ವಿನಾಯಿತಿಯಿದೆ. ಅಮ್ಮ ಮನೆಯ ಹಸುವಿನ ಬೆಣ್ಣೆ ಕಾಯಿಸಿ, ಎರಡು ವೀಳ್ಯದೆಲೆ ಹಾಕಿ, ಬಾಟಲಿಗೆ ತುಂಬಿಕೊಟ್ಟಿದ್ದ ತುಪ್ಪವನ್ನು ನಾನು ನಿಲ್ದಾಣದ ಮೇಜಿನ ಮೇಲೆ ಬಿಟ್ಟು ಬಂದೆ. ಅದನ್ನು ಆಕೆಗೆ ಇಂದಿಗೂ ಹೇಳಿಲ್ಲ. ನಿಮ್ಮ ಅಮ್ಮನಿಗೆ ಈಗಲೇ ತಿಳಿಸಿ. ಕಾಡಿನ ಜೇನುತುಪ್ಪವನ್ನೂ ಕೊಡುತ್ತಾರೆ. ಆದರೆ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಮ್ ರೋಗಾಣು ಎಳೆಯ ಕರುಳಿಗೆ ಅಪಾಯಕಾರಿ. ಚಳಿಗಾಲದ ದಪ್ಪ ಬಟ್ಟೆಯನ್ನು ಶಿವಮೊಗ್ಗದಲ್ಲಿ ಹುಡುಕಬೇಡಿ; ಇಲ್ಲಿನ ಹಳೆ ವಸ್ತುಗಳ ಅಂಗಡಿಗಳಲ್ಲೂ ಒಳ್ಳೆಯದು ಸಿಗುತ್ತದೆ. ಬದಲಿಗೆ ಅಜ್ಜಿಯ ಹಳೆಯ ನೂಲಿನ ಸೀರೆಯ ನಾಲ್ಕು ತುಂಡು ತನ್ನಿ. ನಮ್ಮವು ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಒಣಗಿದ್ದವು. ಆ ಹೊಗೆಯ ವಾಸನೆಯಿದ್ದ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡೇ ಮಗ ಹೊಸ ಮನೆಯಲ್ಲಿ ಮೊದಲ ಬಾರಿ ನಿದ್ದೆ ಮಾಡಿದ.

ತಾಳಗುಪ್ಪದಿಂದ ಸಾಗರದ ಮೇಲೆ ಹೋಗುವ ರಾತ್ರಿ ರೈಲಿನಲ್ಲಿ ಹೊರಟು, ಒಂದು ದಿನ ಮೊದಲೇ ಬೆಂಗಳೂರು ಸೇರಿ ನೆಂಟರ ಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸಿ ಮಲಗಿಸಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ವಿಮಾನವನ್ನು ನಂಬಿ ಅದೇ ದಿನಕ್ಕೆ ಮುಂದಿನ ವಿಮಾನ ಇಟ್ಟುಕೊಳ್ಳಬೇಡಿ. ನವೆಂಬರಿನಲ್ಲಿ ಎರಡು ಊರುಗಳ ನಡುವೆ ನಾಲ್ಕೂವರೆ ಗಂಟೆಯ ಅಂತರ. ಸಾಗರದಲ್ಲಿ ಬೆಳಿಗ್ಗೆ 6ಕ್ಕೆ ಏಳುವ ಮಗು ಇಲ್ಲಿ ರಾತ್ರಿ 1.30ಕ್ಕೆ ಕಣ್ಣು ಬಿಟ್ಟು ಆಟಕ್ಕೆ ಕರೆಯುತ್ತದೆ. ಮೊದಲ ವಾರ ಇದಕ್ಕೆ ಸಿದ್ಧರಾಗಿರುವಂತೆ ಯಜಮಾನರಿಗೂ ತಿಳಿಸಿ. ಅವರು ಕಾರು ತರುವುದಾದರೆ ಮಗುವಿನ ಸೀಟಿಲ್ಲದೆ ಬರುವಂತಿಲ್ಲ. ಇಲ್ಲದಿದ್ದರೂ ಚಿಂತೆಯಿಲ್ಲ, ಆಮ್‌ಸ್ಟರ್‌ಡಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದ ಅಡಿಯಿಂದಲೇ ಐಂಡ್‌ಹೋವನ್‌ಗೆ ಸುಮಾರು ಒಂದೂವರೆ ಗಂಟೆಯ ರೈಲಿದೆ. ಒಂದು ದಪ್ಪ ಕಂಬಳಿ ಹಿಡಿದು ಹೊರಬಾಗಿಲಲ್ಲಿ ಕಾಯಲು ಹೇಳಿ.