ಇಂಗುಬಾವಿಗೆ ಜಲ್ಲಿ ತುಂಬಿಸಿದ್ಯಾರು?

ಪ್ರಶ್ನೆ: ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ತಾರಸಿ ನೀರು ಇಂಗಿಸಲು ಮುಂದಿನ ಜಾಗದಲ್ಲಿ 3 ಅಡಿ ಅಗಲ, 10 ಅಡಿ ಆಳದ ದುಂಡು ಗುಂಡಿ ತೋಡಿಸಿ, ಜಲ್ಲಿ ತುಂಬಿ ಮುಚ್ಚಿಸಿದೆವು. ಎರಡನೇ ಮಳೆಗಾಲಕ್ಕೇ ನೀರು ಉಕ್ಕಿ ಗೇಟಿನ ಮುಂದೆ ನಿಲ್ಲುತ್ತಿದೆ. ಏನು ತಪ್ಪಾಗಿದೆ?

ಉತ್ತರ: ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ. ನಿಮ್ಮಲ್ಲಿರುವುದು ಬಾವಿಯಲ್ಲ, ಜಲ್ಲಿಯ ಗೋದಾಮು. ಲೆಕ್ಕ ಹಾಕಿ: 80 ಚದರ ಮೀಟರ್ ತಾರಸಿ ಮೇಲೆ 50 ಮಿ.ಮೀ. ಮಳೆ ಸುರಿದರೆ 4,000 ಲೀಟರ್. ನಿಮ್ಮ ಗುಂಡಿ ಖಾಲಿಯಿದ್ದಿದ್ದರೆ 2,000 ಲೀಟರ್ ಹಿಡಿಯುತ್ತಿತ್ತು. ಜಲ್ಲಿ ತುಂಬಿದ ಮೇಲೆ ಉಳಿಯುವುದು ಕಲ್ಲಿನ ಸಂದಿ ಮಾತ್ರ, ಹೆಚ್ಚೆಂದರೆ 800 ಲೀಟರ್. ಆ ಸಂದಿಗೂ ದೂಳು, ಎಲೆಪುಡಿ ಸೇರಿ ಕೆಸರುಗಟ್ಟಿದರೆ ತೆಗೆಯಲು ದಾರಿಯೇ ಇಲ್ಲ.

ಜಲ್ಲಿ ತೆಗೆಸಿ, ಗುಂಡಿಯನ್ನು 4 ಅಡಿ ಅಗಲ ಮಾಡಿಸಿ, 20 ಅಡಿಗೆ ಇಳಿಸಿ. ನಮ್ಮ ಕೆಂಪುಮಣ್ಣಿನ ಮೇಲ್ಪದರದಲ್ಲಿ ಬಹಳ ಕಡೆ ಜೇಡಿ ಹೆಚ್ಚು. ನೀರು ಬೇಗ ಹೀರುವುದು ಅದರಡಿಯ ಗರಸು. 3 ಅಡಿ ವ್ಯಾಸದ ಸಿಮೆಂಟ್ ರಿಂಗುಗಳನ್ನು ತಳದಿಂದ ಒಂದರ ಮೇಲೊಂದು ಕೂರಿಸಿ. ಜಲ್ಲಿ ಹೋಗಬೇಕಾದ್ದು ರಿಂಗಿನ ಹೊರಸುತ್ತಿಗೆ. ಒಳಗೆ ಖಾಲಿ. ಮೇಲಿನ ಮೂರು ರಿಂಗಿನ ಸಂದಿಗೆ ಮಾತ್ರ ಗಾರೆ. ಮೇಸ್ತ್ರಿಗಳು ‘ಗಟ್ಟಿಯಾಗಲಿ’ ಎಂದು ತಳದವರೆಗೂ ಮೆತ್ತಿಬಿಡುತ್ತಾರೆ, ಆಮೇಲೆ ನೀರು ಎಲ್ಲಿಂದ ಇಂಗಬೇಕು? ಆದ್ದರಿಂದ ಕೆಲಸವನ್ನು ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರಿಗೆ ಕೊಡಿ.

ಬಾವಿಗೆ ಮುಂಚೆ 2 ಅಡಿ ಉದ್ದಗಲದ ಹೂಳುತೊಟ್ಟಿ, ಅದಕ್ಕೂ ಮುಂಚೆ ಮೊದಲ ಮಳೆಯನ್ನು ಹೊರಗೆ ಬಿಡಲು ಒಂದು ವಾಲ್ವ್. ಹೆಚ್ಚಾದ ನೀರಿಗೆ ಚರಂಡಿ ಕಡೆ ಪೈಪು. ಬಾಯಿಗೆ ಬೀಗವಿರುವ ಗಟ್ಟಿ ಮುಚ್ಚಳ. ಏಪ್ರಿಲ್‌ನಲ್ಲಿ ಹೂಳು ತೆಗೆಸಿ. ಮೇಲೆ ಕಾವಲಿಗೆ ಜನರಿಲ್ಲದೆ ಯಾರನ್ನೂ ಒಳಗಿಳಿಸಬೇಡಿ, ಉಸಿರುಗಟ್ಟಬಹುದು. ಪಾಯದಿಂದ 5 ಅಡಿ ಬಿಡಲು ಜಾಗವಿಲ್ಲದಿದ್ದರೆ ಬಾವಿಯೇ ಬೇಡ, ಸಂಪಿನಲ್ಲಿ ಹಿಡಿಯಿರಿ. ಅಂಜುಬುರುಕತನ ಎಂದರೂ ಸರಿಯೇ.

ಪ್ರಶ್ನೆ: ತಾರಸಿ ಪೈಪನ್ನು ನೇರವಾಗಿ ಬೋರ್‌ವೆಲ್ ಕೇಸಿಂಗಿಗೆ ಬಿಡಬಹುದೇ?

ಉತ್ತರ: ಬೇಡ. ಸೋಸುವ ಮಣ್ಣನ್ನೇ ತಪ್ಪಿಸಿ, ಹಕ್ಕಿ ಹಿಕ್ಕೆಯನ್ನು ನಿಮ್ಮದೇ ಕುಡಿಯುವ ನೀರಿಗೆ ಕಲೆಸಿದಂತಾಗುತ್ತದೆ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆಯೇ ಇಂಗುಬಾವಿ ತೋಡಬೇಕಂತೆ?

ಉತ್ತರ: ಆ ಕಾಯಿ ಒಡೆದು ಚಟ್ನಿ ಮಾಡಿ. ಕಾಯಿಯವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಹುಬ್ಬಳ್ಳಿಯ ಎರೆಮಣ್ಣಿಗೂ ಇದೇ ಬಾವಿ ಆಗುತ್ತದೆಯೇ?

ಉತ್ತರ: ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮನೆ ಪಕ್ಕ ಇಂಗಿಸಿದರೆ ಗೋಡೆಯೂ ಬಿರಿಯುತ್ತದೆ. ಸಂಪು ಕಟ್ಟಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿನಲ್ಲಿ ಒರತೆ. ಹಗಲೂ ರಾತ್ರಿ ಪಂಪ್ ಮಾಡಿ ಚರಂಡಿಗೆ ಬಿಡುತ್ತಿದ್ದೇವೆ.

ಉತ್ತರ: ಅಂತರ್ಜಲದ ಮಟ್ಟ ನೋಡದೆ ಅಗೆದರೆ ಹೀಗೇ. ಮೊದಲು ನೀರನ್ನು ಪರೀಕ್ಷೆಗೆ ಕೊಡಿ, ಒಳಚರಂಡಿ ಸೋರಿಕೆಯೂ ಇರಬಹುದು. ಶುದ್ಧವಿದ್ದರೆ ಬೇರೆ ಪೈಪ್ ಎಳೆಸಿ, ಫ್ಲಶ್‌ಗೂ ಗಿಡಗಳಿಗೂ ಬಳಸಿ.