‘ನೀನು ಬೇರೆ’ ಅಂದ ಬಬಿ

ಪ್ರಶ್ನೆ: ನಾನು ಹಾಸನದವಳು, ನ್ಯೂಜೆರ್ಸಿಯಲ್ಲಿದ್ದೇನೆ. ಗಂಡ ಯೆಹೂದಿ. ಅವರ ಅಜ್ಜಿಯನ್ನು ಎಲ್ಲರೂ ಬಬಿ ಅಂತಾರೆ. 1943ರಲ್ಲಿ ಹುಟ್ಟಿದವರು, ಬ್ರೂಕ್ಲಿನ್‌ನಲ್ಲಿ ಟೀಚರ್ ಆಗಿದ್ದವರು, ಈಗ ಫ್ಲಾರಿಡಾದಲ್ಲಿದ್ದಾರೆ. ನನ್ನನ್ನು ಕಂಡರೆ ಪ್ರಾಣ. ಆದರೆ 2024ರ ಅಧ್ಯಕ್ಷ ಚುನಾವಣೆಗೆ ಕಮಲಾ ಹ್ಯಾರಿಸ್ ನಿಂತಾಗ ‘ಕಪ್ಪು ಹೆಂಗಸಿಗೆ ನನ್ನ ವೋಟಿಲ್ಲ’ ಅಂದರು. ಅವರನ್ನು ನೋಡಿಕೊಳ್ಳಲು ಬರುವ ಹೈಟಿಯ ಹೆಂಗಸನ್ನು ‘ಶ್ವಾರ್ಟ್ಸೆ’ ಅಂತಾರೆ, ಯಿಡ್ಡಿಶ್ ಭಾಷೆಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ. ನಾನೂ ಕಪ್ಪೇ ಅಲ್ವಾ ಅಂದೆ. ‘ನೀನು ಬೇರೆ’ ಅಂದರು. ಮೈದುನ ಅವರ ಜೊತೆ ಮಾತು ಬಿಟ್ಟಿದ್ದಾನೆ. ಗಂಡ ‘ಆ ಕಾಲದವರು, ಬಿಟ್ಟುಬಿಡು’ ಅಂತಾರೆ. ಪಾಸೋವರ್ ಹಬ್ಬಕ್ಕೆ ಹೋಗಬೇಕು. ಏನು ಮಾಡಲಿ?

ಉತ್ತರ: ‘ಆ ಕಾಲದವರು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1964ರಲ್ಲಿ ಮಿಸಿಸಿಪಿಯಲ್ಲಿ ಕಪ್ಪು ಜನರಿಗೆ ವೋಟಿನ ಹಕ್ಕು ಕೊಡಿಸಲು ದುಡಿಯುತ್ತಿದ್ದ ಮೂವರು ಹುಡುಗರನ್ನು, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಕೊಂದರು. ಜೇಮ್ಸ್ ಚೇನಿ ಕಪ್ಪು ಹುಡುಗ. ಮೈಕೆಲ್ ಶ್ವೆರ್ನರ್, ಆಂಡ್ರ್ಯೂ ಗುಡ್‌ಮನ್ ನ್ಯೂಯಾರ್ಕಿನ ಯೆಹೂದಿಗಳು. ಗುಡ್‌ಮನ್ ಹುಟ್ಟಿದ್ದೂ 1943ರಲ್ಲೇ, ಬಬಿಯ ಓರಗೆಯವನು. ಸಾಯುವಾಗ 20 ವರ್ಷ.

2008ರಲ್ಲಿ ಇದೇ ಫ್ಲಾರಿಡಾಕ್ಕೆ ಯೆಹೂದಿ ಮೊಮ್ಮಕ್ಕಳು ಹೋಗಿ, ಒಬಾಮಗೆ ವೋಟು ಹಾಕಿ ಅಂತ ಅಜ್ಜ ಅಜ್ಜಿಯರನ್ನು ಒಪ್ಪಿಸಬೇಕು ಅನ್ನುವ ಪ್ರಚಾರ ನಡೆದಿತ್ತು. ‘ಗ್ರೇಟ್ ಶ್ಲೆಪ್’ ಅಂತ ಅದರ ಹೆಸರು. ಹಾಸ್ಯಗಾರ್ತಿ ಸಾರಾ ಸಿಲ್ವರ್‌ಮನ್ ವಿಡಿಯೋ ಮಾಡಿದ್ದರು. ಕೊನೆಗೆ ಯೆಹೂದಿ ವೋಟಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಒಬಾಮಗೇ ಬಿತ್ತು. ಮುದುಕರು ಹಾಕದೆ ಅಷ್ಟು ಬೀಳುತ್ತಾ? ಮುದುಕರೆಲ್ಲ ಹೀಗೇ ಅನ್ನುವ ಮೊಮ್ಮಕ್ಕಳ ಲೆಕ್ಕವೂ ಒಂಚೂರು ತಪ್ಪಿತ್ತು ಅನ್ನಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಬ್ರೂಕ್ಲಿನ್’, ‘ಟೀಚರ್’ ಅನ್ನುವ ಎರಡು ಪದಗಳ ಮೇಲೆ. 1968ರಲ್ಲಿ ಅಲ್ಲಿನ ಓಶನ್ ಹಿಲ್–ಬ್ರೌನ್ಸ್‌ವಿಲ್‌ನಲ್ಲಿ, ಕಪ್ಪು ಜನರ ಕೈಗೆ ಬಂದಿದ್ದ ಶಾಲಾ ಮಂಡಳಿ ಕೆಲವು ಟೀಚರುಗಳನ್ನು ಹೊರಗೆ ಹಾಕಿತು. ಅವರಲ್ಲಿ ಹೆಚ್ಚಿನವರು ಯೆಹೂದಿಗಳು. ನ್ಯೂಯಾರ್ಕಿನ ಟೀಚರುಗಳು ವಾರಗಟ್ಟಲೆ ಮುಷ್ಕರ ಮಾಡಿದರು. ಯೆಹೂದಿಗಳನ್ನು ಹೀಯಾಳಿಸುವ ಕರಪತ್ರಗಳೂ ಹರಿದಾಡಿದವು. ಕಪ್ಪು ತಾಯಂದಿರಿಗೆ ಅವರದೇ ಸಂಕಟ ಇತ್ತು: ಶಾಲೆಗೆ ಹೋಗುವ ಮಕ್ಕಳಿಗೆ ಓದಲು ಬರುತ್ತಿಲ್ಲ, ಕೇಳಿದರೆ ಕಿವಿಗೆ ಹಾಕಿಕೊಳ್ಳುವವರಿಲ್ಲ. ಬಬಿಗೆ ಆಗ 25. ಆ ವರ್ಷ ಅವರು ಎಲ್ಲಿದ್ದರು, ಏನು ಕಂಡರು ಅಂತ ಕೇಳಿ ನೋಡಿ. ಏನೂ ಆಗಿರದೆಯೂ ಇರಬಹುದು. ಆಗಿದ್ದರೂ ಅದು ಆ ಪದಕ್ಕೆ ಲೈಸೆನ್ಸ್ ಅಲ್ಲ. ಆದರೆ ಯಾವ ಗಾಯದ ಜೊತೆ ಮಾತಾಡುತ್ತಿದ್ದೀರಿ ಅಂತ ನಿಮಗೆ ಗೊತ್ತಾಗುತ್ತೆ.

ಚುನಾವಣೆಯ ಸುದ್ದಿ ಎತ್ತಬೇಡಿ. ಇಸ್ರೇಲ್ ವಿಷಯಕ್ಕೋ ಸಾಮಾನಿನ ಬೆಲೆಗೋ ಕಮಲಾ ಹ್ಯಾರಿಸ್ ಬೇಡ ಅಂದಿದ್ದರೆ ಅದು ಅವರಿಷ್ಟ. (ಕಮಲಾ ಅವರ ತಾಯಿ ಚೆನ್ನೈನವರು, ಗಂಡ ಯೆಹೂದಿ. ಥೇಟ್ ನಿಮ್ಮ ಮನೆ ಥರ! ಬಬಿಗೆ ಹೊಳೆದಿಲ್ಲವೇನೋ.) ನಿಮ್ಮ ತಕರಾರು ಬಣ್ಣದ ಮಾತಿನ ಬಗ್ಗೆ ಮಾತ್ರ.

ಹಬ್ಬದ ಮೇಜಿನಲ್ಲಿ ಎಲ್ಲರೆದುರು ಬೇಡ. ಹಿಂದಿನ ದಿನ ಅಡುಗೆಮನೆಯಲ್ಲಿ, ಸೂಪಿಗೆ ಮಾಟ್ಸೋ (ಹಬ್ಬದ ಹುಳಿ ಬರಿಸದ ರೊಟ್ಟಿ) ಪುಡಿಯ ಉಂಡೆ ಕಟ್ಟುವಾಗ ಹೇಳಿ. ನಮ್ಮ ಕಡೆ ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದೇ ಇರುತ್ತೆ, ಅಲ್ವಾ? ಅಂದವರೂ ನಿಮ್ಮನ್ನು ಪ್ರೀತಿಸುವ ಅತ್ತೆ, ಚಿಕ್ಕಮ್ಮಂದಿರೇ ಇರಬಹುದು. ಆ ಕತೆ ಬಬಿಗೆ ಹೇಳಿ. ಆಮೇಲೆ, ‘ನಾನು ಬೇರೆ ಅಲ್ಲ ಬಬಿ. ಆ ಪದ ನನ್ನೆದುರು ಆಡಬೇಡಿ’ ಅನ್ನಿ. ಅಷ್ಟು ಸಾಕು, ಭಾಷಣ ಬೇಡ. ಮುಖ ತಿರುಗಿಸಿದರೆ ತಿರುಗಿಸಲಿ, ಉಂಡೆ ಕಟ್ಟುತ್ತಾ ಇರಿ.

ಗಂಡನೂ ಅಲ್ಲೇ ನಿಂತಿರಲಿ. ಅಜ್ಜಿ ಅವರದು, ಕಷ್ಟದ ಮಾತು ಮಾತ್ರ ಸೊಸೆಗೆ ಅಂದರೆ ಹೇಗೆ? ಮೈದುನನ ಮುನಿಸು ಅವನಿಗೇ ಇರಲಿ, ನೀವು ಸಂಧಾನಕ್ಕೆ ಹೋಗಬೇಡಿ.

ಇನ್ನು ಆ ಹೈಟಿಯ ಹೆಂಗಸು. ದಿನಾ ಆ ಪದ ಕೇಳಿಸಿಕೊಳ್ಳುವವರು ಅವರು, ಮೈದುನನ ಹಾಗೆ ಎದ್ದುಹೋದರೆ ಕೆಲಸ ಹೋಗುತ್ತೆ. ನಿಮ್ಮ ಪತ್ರದಲ್ಲಿ ಅವರ ಹೆಸರಿಲ್ಲ. ಈ ಸಲ ಹೋದಾಗ ಕೇಳಿಕೊಳ್ಳಿ. ಬಬಿ ಎದುರಿಗೇ ಆ ಹೆಸರು ಹಿಡಿದು ಮಾತಾಡಿಸಿ.