ಮಳೆ ಏರುಪೇರಾಗುತ್ತಿರುವಾಗ ತೇಗಕ್ಕೆ ವರ್ಷವಿಡೀ ನೀರು ಕೊಡಬೇಕೆ?

ಮಳೆಯನ್ನು ನಂಬುವಂತಿಲ್ಲವಾದ್ದರಿಂದ ವರ್ಷವಿಡೀ ಹನಿ ನೀರಾವರಿ ಕೊಟ್ಟು ಹದಿನೈದನೆಯ ವರ್ಷಕ್ಕೆ ತೇಗ ಕಡಿಯಬಹುದೇ ಎಂದು ಕೇಳಿದ್ದೀರಿ. 2010ರಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ. ಶಿಕಾರಿಪುರ ತಾಲ್ಲೂಕಿನ ನಮ್ಮ ಎರಡು ಎಕರೆ ಹೊಲದಲ್ಲಿ ಆ ವರ್ಷದ ಮೃಗಶಿರಾ ಮಳೆಗೆ ಎಂಟು ಅಡಿ ಅಂತರದಲ್ಲಿ ಸುಮಾರು 1,200 ಸಸಿಗಳನ್ನು ನೆಟ್ಟೆ. ಮಿಕ್ಕ ಮೂವತ್ತನ್ನು ಅಣ್ಣನ ಹೊಲದ ಬದುವಿನ ಮೇಲೆ ನೆಟ್ಟು, ಅವುಗಳ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಬದುವಿನ ಗಿಡಗಳು ಪ್ರತಿ ಫೆಬ್ರುವರಿಯಲ್ಲಿ ಎಲೆ ಉದುರಿಸಿ ಬೋಳಾಗುತ್ತಿದ್ದವು. ನನ್ನವು ಏಪ್ರಿಲ್‌ನಲ್ಲೂ ಹಸಿರಾಗಿದ್ದು, ಐದನೆಯ ವರ್ಷಕ್ಕೆ ಅವುಗಳಿಗಿಂತ ಒಂದೂವರೆ ಪಟ್ಟು ಎತ್ತರವಾಗಿದ್ದವು.

ನನ್ನ ತಪ್ಪು ಇದ್ದದ್ದು ಆ ಹಸಿರಿನಲ್ಲೇ. ತೇಗವು ಎಲೆ ಉದುರಿಸುವ ಮರ. 1,200ರಿಂದ 2,500 ಮಿ.ಮೀ. ಮಳೆ ಅದಕ್ಕೆ ಎಷ್ಟು ಹಿತವೋ, ಮೂರರಿಂದ ಐದು ತಿಂಗಳ ಒಣಗಾಲವೂ ಅಷ್ಟೇ ಅಗತ್ಯ. ಆ ತಿಂಗಳುಗಳಲ್ಲಿ ಅದು ಬೆಳವಣಿಗೆಯನ್ನು ನಿಲ್ಲಿಸಿ, ಎಲೆಯ ಮೂಲಕ ಆಗುವ ನೀರಿನ ಖರ್ಚನ್ನು ತಪ್ಪಿಸಿಕೊಳ್ಳುತ್ತದೆ. ಎಳೆಯ ಗಿಡದ ಬೇರು ತೇವವನ್ನು ಹುಡುಕಿಕೊಂಡು ಕೆಳಕ್ಕಿಳಿಯುವುದೂ ಮೇಲ್ಮಣ್ಣು ಒಣಗಿದಾಗಲೇ. ನಾನು ದಿನ ಬಿಟ್ಟು ದಿನ ಬುಡಕ್ಕೇ ನೀರು ಹನಿಸಿದ್ದರಿಂದ ಬೇರುಗಳಿಗೆ ಕೆಳಗಿಳಿಯುವ ಕಾರಣವೇ ಉಳಿಯಲಿಲ್ಲ. ಮರಕ್ಕೆ ನೀರು ಸಾಲದೆಂದು ಕೊಟ್ಟದ್ದಲ್ಲ, ಬೇಸಿಗೆಯೇ ಅದರ ಶತ್ರು ಎಂದು ತಿಳಿದು ಕೊಟ್ಟೆ. ಮೊದಲ ಎರಡು ಬೇಸಿಗೆ ಕೊಟ್ಟು ವಾಲ್ವ್ ಮುಚ್ಚಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂದು ಇಂದಿಗೂ ನಂಬಿದ್ದೇನೆ.

2015ರ ಮುಂಗಾರು ಕೈಕೊಟ್ಟಿತು. 2016ರ ಮಾರ್ಚ್‌ನಲ್ಲಿ ಕೊಳವೆಬಾವಿ ಬತ್ತಿತು. ಎಲೆ ಹೊತ್ತು ನಿಂತಿದ್ದ ನನ್ನ ಮರಗಳ ತುದಿಗಳು ಒಣಗತೊಡಗಿದವು; ಆ ಬೇಸಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಸತ್ತವು. ಬದುವಿನ ಮೂವತ್ತರಲ್ಲಿ ಒಂದೂ ಸಾಯಲಿಲ್ಲ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಸುರಿದಾಗ ಹೊಲದ ತಗ್ಗಿನ ಭಾಗದಲ್ಲಿ ವಾರಕ್ಕೂ ಹೆಚ್ಚು ಕಾಲ ನೀರು ನಿಂತಿತು. ನಿಂತ ನೀರಿನಲ್ಲಿ ತೇಗದ ಬೇರಿಗೆ ಉಸಿರಾಟವಿಲ್ಲ. ಮೇಲುಮೇಲೆಯೇ ಹರಡಿದ್ದ ಬೇರುಗಳು ಕೊಳೆತು, ಗಾಳಿಗೆ ಸಾಲುಸಾಲಾಗಿ ಮರಗಳು ಬುಡಸಮೇತ ಮಗುಚಿದವು.

ಬಿದ್ದ ಮರಗಳನ್ನು ಕುಯ್ಯಿಸಿದಾಗ ಕಂಡದ್ದನ್ನು ನಿಮಗೆ ಹೇಳಲೇಬೇಕು. ತೇಗದ ವರ್ಷದ ಉಂಗುರ ಸ್ಪಷ್ಟವಾಗಿರುತ್ತದೆ. ಮಳೆಗಾಲದ ಆರಂಭದಲ್ಲಿ ದೊಡ್ಡ ನಾಳಗಳು ಮೂಡಿ, ಒಣಗಾಲಕ್ಕೆ ಬೆಳವಣಿಗೆ ನಿಂತಾಗ ಗೆರೆ ಬೀಳುತ್ತದೆ. ಹಳೆಯ ತೇಗದ ಉಂಗುರಗಳಿಂದ ಹಿಂದಿನ ಮುಂಗಾರುಗಳ ಏರಿಳಿತವನ್ನು ವಿಜ್ಞಾನಿಗಳು ಓದುವುದು ಇದರಿಂದಲೇ. ನನ್ನ ಮರಗಳಲ್ಲಿ ನೀರುಣಿಸಿದ ವರ್ಷಗಳ ಗೆರೆಗಳು ಒಂದಕ್ಕೊಂದು ಕಲಸಿಹೋಗಿದ್ದವು, ಬರದ ವರ್ಷದ್ದು ಕೂದಲೆಳೆಯಷ್ಟು ಸಪೂರವಾಗಿತ್ತು. ದಪ್ಪದ ಬಹುಪಾಲು ಬಿಳಿಯ ಹೊರಭಾಗವೇ. ಬೆಲೆ ತರುವ ಕೆಚ್ಚು ನಡುವೆ ಅಂಗೈಯಗಲವೂ ಇರಲಿಲ್ಲ.

ಆದ್ದರಿಂದ ಹದಿನೈದು ವರ್ಷದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅರಣ್ಯ ನೆಡುತೋಪುಗಳಲ್ಲಿ ತೇಗವನ್ನು 50ರಿಂದ 80 ವರ್ಷ ಬೆಳೆಸುವ ರೂಢಿ ಬಂದಿರುವುದು ಕೆಚ್ಚು ಬಲಿಯಲು ಕಾಲ ಬೇಕೆಂದೇ. ಬೇಗ ಹಣ ಬೇಕಿದ್ದರೆ ತೇಗ ಬಿಟ್ಟು ಬೇರೆ ಬೆಳೆ ನೋಡಿ. ಮಳೆ ಏರುಪೇರಾಗಿದೆ ಎಂಬ ನಿಮ್ಮ ಆತಂಕ ನಿಜ, ಆದರೆ ಅದಕ್ಕೆ ಉತ್ತರ ಪೈಪಿನಲ್ಲಿಲ್ಲ. ಬೇರನ್ನು ಆಳಕ್ಕಿಳಿಸುವುದರಲ್ಲಿ ಮತ್ತು ಅತಿವೃಷ್ಟಿಯ ನೀರು ಹೊರಹೋಗಲು ಬಸಿಗಾಲುವೆ ತೋಡುವುದರಲ್ಲಿದೆ.

ಈ ವರ್ಷ ಸಸಿ ತರಬೇಡಿ. ಆಶ್ಲೇಷ ಮಳೆ ನಿಂತ ಎರಡು ದಿನಗಳ ನಂತರ ಹೊಲದ ತಗ್ಗಿನಲ್ಲಿ ಮೂರಡಿ ಗುಂಡಿ ತೋಡಿ ನೋಡಿ. ತಳದಲ್ಲಿ ನೀರು ನಿಂತಿದ್ದರೆ ಆ ಭಾಗಕ್ಕೆ ತೇಗ ಬೇಡ. ಬದುವಿನ ಮೇಲಷ್ಟೇ ನೆಡಿ.